ಪಿತ್ತನಾಳ ಕಟ್ಟಿಕೊಂಡಾಗ ಕರ್ಕ್ಯುಮಿನ್, ಬರ್ಬೆರಿನ್ ಕೊಡಬಹುದಾ?

ಪ್ರಶ್ನೆ: ಸರ್, ಪಿತ್ತನಾಳದಲ್ಲಿ ಕಲ್ಲು ಸಿಕ್ಕಿ ಅತ್ತೆಗೆ ಕಾಮಾಲೆಯಾಗಿದೆ. ಇಆರ್‌ಸಿಪಿಗೆ (ಬಾಯಿಂದ ಕೊಳವೆ ಇಳಿಸಿ ನಾಳದ ಕಲ್ಲು ತೆಗೆಯುವ ಚಿಕಿತ್ಸೆ) ಇನ್ನೂ ನಾಲ್ಕು ದಿನ ಇದೆ. ನಾಳ ಕಟ್ಟಿದರೆ ಕರುಳಿನ ಒಳಪದರ ಹಾಳಾಗುತ್ತದೆ, ಅರಿಶಿನದ ಕರ್ಕ್ಯುಮಿನ್, ಮರದರಿಶಿನದ ಬರ್ಬೆರಿನ್ ಅದನ್ನು ಕಾಯುತ್ತವೆ ಅಂತ ಓದಿದೆ. ಅಲ್ಲಿಯವರೆಗೆ ಕ್ಯಾಪ್ಸೂಲ್ ಕೊಡಲಾ?

ಉತ್ತರ (ಗ್ಯಾಸ್ಟ್ರೋ ತಜ್ಞ): ಬೇಡ. ಓದಿದ್ದರಲ್ಲಿ ಮೊದಲರ್ಧ ನಿಜ. ಪಿತ್ತರಸದ ಲವಣಗಳು ಕೊಬ್ಬು ಕರಗಿಸುವುದರ ಜೊತೆಗೆ ಬ್ಯಾಕ್ಟೀರಿಯಾಗಳನ್ನು ಹದ್ದುಬಸ್ತಿನಲ್ಲಿಡುತ್ತವೆ, ಅವುಗಳ ಹೊರಪೊರೆಯ ವಿಷವಾದ ಎಂಡೋಟಾಕ್ಸಿನ್ ಅನ್ನು ಕರುಳಲ್ಲೇ ಹಿಡಿದಿಡುತ್ತವೆ. ಪಿತ್ತ ಇಳಿಯದಿದ್ದರೆ ಬ್ಯಾಕ್ಟೀರಿಯಾ ಹೆಚ್ಚುತ್ತವೆ, ಜೀವಕೋಶಗಳ ನಡುವಿನ ಬಿಗಿಬೆಸುಗೆ ಸಡಿಲವಾಗುತ್ತದೆ, ಎಂಡೋಟಾಕ್ಸಿನ್ ರಕ್ತಕ್ಕೆ ಸೇರುತ್ತದೆ. ಅದನ್ನು ಸೋಸಬೇಕಾದ ಯಕೃತ್ತೂ ಆಗ ಸೊರಗಿರುತ್ತದೆ.

ಕರ್ಕ್ಯುಮಿನ್ ಬೇಡ ಅನ್ನಲು ಮುಖ್ಯ ಕಾರಣ, ಅದು ಪಿತ್ತಕೋಶವನ್ನು ಹಿಂಡುತ್ತದೆ. ಆರೋಗ್ಯವಂತರಿಗೆ 20 ಮಿಲಿಗ್ರಾಂ ಕೊಟ್ಟಾಗಲೇ ಎರಡು ಗಂಟೆಯಲ್ಲಿ ಪಿತ್ತಕೋಶದ ಗಾತ್ರ ಸುಮಾರು 30% ಕುಗ್ಗಿದ್ದು ಕಂಡಿದೆ. ಮುಂದೆ ದಾರಿ ಮುಚ್ಚಿರುವಾಗ ಹಿಂದಿನಿಂದ ಹಿಂಡಿದರೆ ನೋವು ಹೆಚ್ಚುತ್ತದೆ. ಎರಡನೆಯದು ರಕ್ತಸ್ರಾವ. ಪಿತ್ತವಿಲ್ಲದೆ ವಿಟಮಿನ್ ಕೆ ಹೀರಿಕೆಯಾಗದು, ಪಿಟಿ-ಐಎನ್‌ಆರ್ (ರಕ್ತ ಹೆಪ್ಪುಗಟ್ಟಲು ಹಿಡಿಯುವ ಹೊತ್ತಿನ ಅಳತೆ) ಏರಿರಬಹುದು. ಇಆರ್‌ಸಿಪಿಯಲ್ಲಿ ನಾಳದ ಬಾಯಿ ಕೊಯ್ಯಬೇಕಾಗಬಹುದು. ಪ್ಲೇಟ್‌ಲೆಟ್ ಕೆಲಸಕ್ಕೆ ಅಡ್ಡ ಬರಬಲ್ಲ ಕರ್ಕ್ಯುಮಿನ್ ಆಗ ಯಾಕೆ? ಕರಿಮೆಣಸಿನ ಪೈಪರಿನ್ ಬೆರೆಸಿದ ಕ್ಯಾಪ್ಸೂಲ್‌ಗಳಿಂದ ಯಕೃತ್ತಿಗೇ ಪೆಟ್ಟಾದ ಪ್ರಕರಣಗಳೂ ವರದಿಯಾಗಿವೆ. ಬರ್ಬೆರಿನ್ ಔಷಧಿಗಳನ್ನು ಒಡೆಯುವ ಸಿವೈಪಿ3ಎ4 ಕಿಣ್ವವನ್ನು ತಡೆಯುವುದರಿಂದ ಬೇರೆ ಮಾತ್ರೆಗಳ ಮಟ್ಟ ಏರಬಹುದು.

ಪ್ರಶ್ನೆ: ಹಾಗಾದರೆ ಈ ನಾಲ್ಕು ದಿನ ಏನು ಮಾಡೋದು ಸರ್?

ಉತ್ತರ: ವಾಂತಿ ಇಲ್ಲದಿದ್ದರೆ ಬಾಯಿಂದಲೇ ಊಟ ನಡೆಯಲಿ, ಕೊಬ್ಬು ಕಡಿಮೆ ಇರಲಿ. ಆಹಾರ ತಾಕದ ಕರುಳಿನ ಪದರ ಇನ್ನೂ ಬೇಗ ತೆಳುವಾಗುತ್ತದೆ. ಚಿಕಿತ್ಸೆಗೆ ಮುನ್ನ ಆಸ್ಪತ್ರೆಯವರು ಹೇಳಿದಷ್ಟೇ ಹೊತ್ತು ಉಪವಾಸ ಸಾಕು. ಐಎನ್‌ಆರ್ ಏರಿದ್ದರೆ ವಿಟಮಿನ್ ಕೆ ಇಂಜೆಕ್ಷನ್ ಬೇಕೇ ಎಂದು ಕೇಳಿ, ರೂಢಿಯ ಡೋಸ್ 10 ಮಿಲಿಗ್ರಾಂ; ಮಾತ್ರೆ ಈ ಸ್ಥಿತಿಯಲ್ಲಿ ಸರಿಯಾಗಿ ಹೀರಿಕೆಯಾಗದು. ಚಳಿ ನಡುಕದ ಜ್ವರ ಬಂದರೆ, ಮಂಪರು ಕವಿದರೆ ನಾಲ್ಕನೇ ದಿನಕ್ಕೆ ಕಾಯಬೇಡಿ, ತಕ್ಷಣ ಹೊರಡಿ. ಅದು ನಾಳದ ಸೋಂಕಿನ ಲಕ್ಷಣ.

ಪ್ರಶ್ನೆ (ಫಾರ್ಮಕಾಲಜಿ ಪಿಜಿ): ರ್ಯಾಟ್ (ದೊಡ್ಡ ಇಲಿ) ಪ್ರಯೋಗಗಳಲ್ಲಿ ಫಲಿತಾಂಶ ಚೆನ್ನಾಗಿ ಬಂದಿದೆಯಲ್ಲ ಸರ್? ನಾನೂ ಇಂಥದ್ದೇ ಒಂದು ಪ್ರಯೋಗ ಯೋಜಿಸುತ್ತಿದ್ದೇನೆ.

ಉತ್ತರ: ರ್ಯಾಟ್‌ಗೆ ಪಿತ್ತಕೋಶವೇ ಇಲ್ಲವಲ್ಲ! ಮೇಲೆ ಹೇಳಿದ ಹಿಂಡುವ ಅಪಾಯ ಅಲ್ಲಿ ಕಾಣುವುದೇ ಇಲ್ಲ. ಅದನ್ನೂ ನೋಡಬೇಕಿದ್ದರೆ ಮೌಸ್ (ಚಿಕ್ಕ ಇಲಿ) ಆರಿಸಿ, ಅದಕ್ಕೆ ಪಿತ್ತಕೋಶ ಇದೆ.

ಔಷಧಿ ಶುರುಮಾಡುವ ದಿನ ಇನ್ನೊಂದು ತೊಡಕು. ಪ್ರಾಣಿಯ ಪಿತ್ತನಾಳಕ್ಕೆ ಗಂಟು ಹಾಕಿ ಕಟ್ಟುವ ದಿನವೇ ಅಥವಾ ಅದಕ್ಕೂ ಮುಂಚೆ ಕೊಟ್ಟರೆ ಅಳೆಯುವುದು ತಡೆಯುವ ಶಕ್ತಿಯನ್ನು; ರೋಗಿ ಬರುವುದು ಕಾಮಾಲೆ ಕಾಣಿಸಿಕೊಂಡ ಮೇಲೆ. ಮೂರನೇ ದಿನದಿಂದ ಶುರುಮಾಡುವ ಒಂದು ಗುಂಪನ್ನೂ ಇಡಿ. ನಾಳವನ್ನು ಎರಡು ಕಡೆ ಬಿಗಿದು ನಡುವೆ ಕತ್ತರಿಸಿ. ಒಂದೇ ಗಂಟು ಹಾಕಿದರೆ ದಾರಿ ಮತ್ತೆ ತೆರೆದುಕೊಳ್ಳಬಹುದು, ಆಗ ಔಷಧಿಯಿಂದ ಗುಣವಾಯಿತೆಂದು ಮೋಸ ಹೋಗುತ್ತೀರಿ. ಕೊನೆಯ ದಿನ ಬಿಲಿರುಬಿನ್ ಏರಿದೆಯೇ ಎಂದು ಪ್ರತಿ ಪ್ರಾಣಿಯಲ್ಲೂ ನೋಡಿ. ಕರ್ಕ್ಯುಮಿನ್ ಅನ್ನು ಎಣ್ಣೆಯಲ್ಲಿ ಕೊಡಬೇಡಿ, ಪಿತ್ತವಿಲ್ಲದ ಕರುಳಿನಲ್ಲಿ ಎಣ್ಣೆಯೇ ಜೀರ್ಣವಾಗದೆ ಬೇರೆ ತಂಟೆ ತರುತ್ತದೆ, 0.5% ಕಾರ್ಬಾಕ್ಸಿಮೀಥೈಲ್ ಸೆಲ್ಯುಲೋಸ್ (ಪುಡಿಯನ್ನು ನೀರಿನಲ್ಲಿ ತೇಲಿಸಿಡುವ ಅಂಟು) ಸಾಕು. ಅದನ್ನಷ್ಟೇ ಕೊಡುವ ಗುಂಪೂ ಇರಲಿ.

ಪದರ ಸೋರುತ್ತಿದೆಯೇ ಎಂದು ತಿಳಿಯಲು ವಿಲ್ಲೈ (ಒಳಪದರದ ಬೆರಳಿನಂಥ ಚಾಚುಗಳು) ಎತ್ತರ ಒಂದೇ ಸಾಲದು. 4 ಕಿಲೋಡಾಲ್ಟನ್ ಎಫ್ಐಟಿಸಿ-ಡೆಕ್ಸ್‌ಟ್ರಾನ್ (ಹೊಳೆಯುವ ಬಣ್ಣ ಅಂಟಿಸಿದ ಸಕ್ಕರೆ ಸರಪಳಿ) ಕುಡಿಸಿ ರಕ್ತದಲ್ಲಿ ಅಳೆಯಿರಿ, ಕರುಳಪೊರೆಯ ದುಗ್ಧಗ್ರಂಥಿಯನ್ನು ಕಲ್ಚರ್‌ಗೆ ಹಾಕಿ. ಎಫ್‌ಎಕ್ಸ್‌ಆರ್ ಎಂಬ, ಪಿತ್ತಾಮ್ಲಗಳನ್ನು ಗುರುತಿಸುವ ಗ್ರಾಹಿಯನ್ನೂ ನೋಡಿ: 2006ರಲ್ಲಿ ನಾಳ ಕಟ್ಟಿದ ಮೌಸ್‌ಗಳಲ್ಲಿ ಅದನ್ನು ಪ್ರಚೋದಿಸಿದ್ದಕ್ಕೇ ಬ್ಯಾಕ್ಟೀರಿಯಾ ಹೆಚ್ಚಳವೂ ಒಳಪದರದ ಹಾನಿಯೂ ತಗ್ಗಿದ್ದು ತೋರಿಸಲಾಗಿದೆ.

ಡೋಸ್ ಲೆಕ್ಕವನ್ನೂ ಮರೆಯಬೇಡಿ. ರ್ಯಾಟ್‌ಗೆ ಕಿಲೋಗೆ 100 ಮಿಲಿಗ್ರಾಂ ಅಂದರೆ, ಮನುಷ್ಯರ ಡೋಸ್‌ಗೆ ಬದಲಿಸುವ ಅಂಕಿಯಾದ 6.2ರಿಂದ ಭಾಗಿಸಿದಾಗ ಮನುಷ್ಯರಿಗೆ ಕಿಲೋಗೆ ಸುಮಾರು 16 ಮಿಲಿಗ್ರಾಂ. 60 ಕಿಲೋ ತೂಕಕ್ಕೆ ಹತ್ತಿರಹತ್ತಿರ 1 ಗ್ರಾಂ ಶುದ್ಧ ಕರ್ಕ್ಯುಮಿನ್. ಅರಿಶಿನ ಪುಡಿಯಲ್ಲಿ ಅದು ಇರುವುದು ಸುಮಾರು 3% ಅಷ್ಟೇ, ಹಾಗಾಗಿ ಅಡುಗೆಯ ಅರಿಶಿನದಿಂದ ಆ ಡೋಸ್ ಸಿಗದು.