ಮಾವನ ಕ್ವಾಂಟಮ್ ನೋಟು, ಅಪ್ಪನ ಗಲ್ಲೆ

‘ನಮ್ಮನೆ ಡೊಂಬಿವಲಿ’ ಗುಂಪು, ಭಾನುವಾರ ಬೆಳಿಗ್ಗೆ

ಶೇಖರ ಮಾವ: (ಅನೇಕ ಸಲ ಫಾರ್ವರ್ಡ್ ಆದದ್ದು) ಇ-ರುಪಾಯಿ ಈಗ ಕ್ವಾಂಟಮ್! ಬ್ರಹ್ಮನಿಗೂ ನಕಲು ಮಾಡೂಕಾಗ. ಇವತ್ತೇ ಈ ಲಿಂಕ್ ಒತ್ತಿ ಕಾಯಿನ್ ತಗೊಳ್ಳಿ 🙏

ಸುಮಾ: ಮಾವ, ಇ-ರುಪಾಯಿಗೂ ಕ್ವಾಂಟಮ್ಮಿಗೂ ಸಂಬಂಧವೇ ಇಲ್ಲ. ಅದು ರಿಸರ್ವ್ ಬ್ಯಾಂಕಿನ ಡಿಜಿಟಲ್ ರುಪಾಯಿ, 2022ರ ಡಿಸೆಂಬರಲ್ಲೇ ಮುಂಬಯಿ ಸೇರಿ ನಾಲ್ಕು ಊರಲ್ಲಿ ಶುರು ಮಾಡಿತ್ತು. ಲಿಂಕ್ ಒತ್ತಬೇಡಿ.

ಶೇಖರ ಮಾವ: ಪುಣೆಗೆ ಫಿಸಿಕ್ಸ್ ಕಲಿಯೂಕೆ ಹೋದದ್ದು ಹಿರಿಯರಿಗೆ ಎದುರು ಮಾತಾಡೂಕಾ? ಕ್ವಾಂಟಮ್ ದುಡ್ಡು ಸುಳ್ಳಾ ಹಂಗಾರೆ?

ಸುಮಾ: ಸುಳ್ಳಲ್ಲ. ಸ್ಟೀಫನ್ ವೀಸ್ನರ್ ಅಂತ ಒಬ್ಬರು ಫಿಸಿಕ್ಸಿನವರು 1970ರ ಆಸುಪಾಸು ಈ ಯೋಚನೆ ಬರೆದಿಟ್ಟಿದ್ದರು, ಅಚ್ಚಾದದ್ದು 1983ರಲ್ಲಿ! ನೋಟಿಗೊಂದು ನಂಬರು, ಜತೆಗೆ ಬೆಳಕಿನ ಕೆಲವು ಕಣ. ಯಾವ ಕಣ ನೆಟ್ಟಗೆ, ಯಾವುದು ಅಡ್ಡ, ಯಾವುದು ಓರೆ, ಬ್ಯಾಂಕಿಗೆ ಮಾತ್ರ ಗೊತ್ತು. ಕಳ್ಳ ತಪ್ಪು ಕೋನದಲ್ಲಿ ನೋಡಿದ್ರೆ ಕಣವೇ ಬದಲಾಗ್ತದೆ. ಎಂಥ ಜಾಣನಿಗೂ ಒಂದು ಕಣದ ನಕಲಲ್ಲಿ ಬ್ಯಾಂಕಿಗೆ ಸಿಕ್ಕಿಬೀಳದೆ ಗೆಲ್ಲುವ ಸಾಧ್ಯತೆ ನಾಲ್ಕಕ್ಕೆ ಮೂರೇ. ಎಲ್ಲ ಕಣದಲ್ಲೂ ಗೆಲ್ಲಬೇಕಲ್ಲ, 20 ಕಣ ಇದ್ರೆ ಮುನ್ನೂರಕ್ಕೊಂದು, 50 ಇದ್ರೆ ಕೋಟಿಗೆ ಆರು.

ಅಪ್ಪ: ಗಲ್ಲೆಯಲ್ಲಿ ಕೂತವ ಎಂತ ನೋಡೂದು? ಐನೂರರ ನೋಟಾದ್ರೆ ಬೆಳಕಿಗೆ ಹಿಡಿದು ಗಾಂಧಿ ಹುಡುಕ್ತೆ.

ಸುಮಾ: ಅದೇ ತೊಡಕು ಅಪ್ಪ. ಕೋನ ಗೊತ್ತಿಲ್ಲದೆ ನೀವು ನೋಡಿದ್ರೂ ನೋಟು ಕೆಡ್ತದೆ. ಕೊಟ್ಟ ಬ್ಯಾಂಕೇ ಪರೀಕ್ಷೆ ಮಾಡಬೇಕು. ಯಾರು ಬೇಕಾದ್ರೂ ಪರೀಕ್ಷಿಸುವಂಥದ್ದಕ್ಕೆ 2009ರಿಂದ ಕಂಪ್ಯೂಟರ್ ವಿಜ್ಞಾನಿ ಸ್ಕಾಟ್ ಆರನ್ಸನ್ ಮುಂತಾದವರು ತಲೆ ಕೆಡಿಸಿಕೊಂಡಿದ್ದಾರೆ.

ಅಪ್ಪ: ಒಂದು ಮಸಾಲೆ ದೋಸೆಗೆ ಒಂದು ಸಲ ಬ್ಯಾಂಕಿಗೆ ಓಡೂದಾ?

ಶೇಖರ ಮಾವ: ಮೊಬೈಲಲ್ಲೇ ಆಗ್ತದೆ ಭಾವ.

ಸುಮಾ: ಮೊಬೈಲಲ್ಲಿ ಆ ಕಣ ನಿಲ್ಲೂದಿಲ್ಲ ಮಾವ. ಕೆಡದ ಹಾಗೆ ಹಿಡಿದಿಡೂಕೆ ಲ್ಯಾಬಲ್ಲೇ ಒದ್ದಾಡ್ತಾರೆ. ಬ್ಯಾಕಪ್ಪೂ ಇಲ್ಲ, ಕಳ್ಳನಿಗೆ ಆಗದ ನಕಲು ನಮಗೂ ಆಗ.

ಅಪ್ಪ: ಹೋದ ವಾರ ಒಬ್ಬ ಮೊಬೈಲಲ್ಲಿ ಹಸಿರು ಟಿಕ್ ತೋರಿಸಿ 340 ರುಪಾಯಿದು ತಿಂದು ಹೋದ. ಸಂಜೆ ಲೆಕ್ಕ ನೋಡಿದ್ರೆ ಬಂದೇ ಇಲ್ಲ. ಅವ ನಕಲು ಮಾಡಿದ್ದು ದುಡ್ಡನ್ನಲ್ಲ ಮಾರಾಯ್ತಿ, ಸ್ಕ್ರೀನನ್ನ. ನಿನ್ನ ಕಣ ಅದಕ್ಕೆ ಎಂತ ಮಾಡ್ತದೆ?

ಸುಮಾ: ಎಂತದೂ ಇಲ್ಲ 😐

ಶೇಖರ ಮಾವ: ನಿಮಗೆ ಹೊಸತು ಯಾವುದೂ ಆಗ.

ಅತ್ತೆ: ಸುಮಾ, ನಿನ್ನ ಮಾವ ನಿನ್ನೆ ರಾತ್ರಿಯೇ ಆ ಲಿಂಕಿಗೆ 2000 ಹಾಕಿಯಾಗಿದೆ.

ಶೇಖರ ಮಾವ: ಈ ಸಂದೇಶವನ್ನು ಅಳಿಸಲಾಗಿದೆ

ಸುಮಾ: ಮಾವ, ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಹಚ್ಚಿ. ಈಗಲೇ. ಬೈಯೂದಿಲ್ಲ.

ಶೇಖರ ಮಾವ: ಎಂಗೇಜ್ ಬರ್ತಾ ಉಂಟು.