ಪ್ರೆಸ್‌ಮೀಟ್‌ನಲ್ಲಿ ಹೆಸರು ತಪ್ಪಿದರೆ ತಕ್ಷಣ ಏನು ಮಾಡಬೇಕು?

ಮೈಕ್‌ಮುಂದೆ:
2018ರ ಮಾರ್ಚ್ 27ರಂದು ದಾವಣಗೆರೆಯಲ್ಲಿ ಅಮಿತ್ ಶಾ, ಭ್ರಷ್ಟಾಚಾರದಲ್ಲಿ ಸ್ಪರ್ಧೆ ಇಟ್ಟರೆ ಯಡಿಯೂರಪ್ಪ ಸರ್ಕಾರಕ್ಕೇ ಮೊದಲ ಸ್ಥಾನ ಅಂದುಬಿಟ್ಟರು. ಹೇಳಬೇಕಿದ್ದದ್ದು ಸಿದ್ದರಾಮಯ್ಯ ಸರ್ಕಾರ. ಯಡಿಯೂರಪ್ಪನವರು ಪಕ್ಕದಲ್ಲೇ ಕೂತಿದ್ದರು. ಅದೇ ವಿಧಾನಸಭಾ ಚುನಾವಣೆಯ ಪ್ರಚಾರದಲ್ಲಿ, ಮಳವಳ್ಳಿಯಲ್ಲಿ ಸಿದ್ದರಾಮಯ್ಯನವರು ಶಾಸಕ ನರೇಂದ್ರಸ್ವಾಮಿಯವರ ಕೆಲಸ ಹೊಗಳಲು ಹೋಗಿ ನರೇಂದ್ರ ಮೋದಿ ಅಂದರು. ಇಷ್ಟು ಪಳಗಿದವರಿಗೂ ಹೀಗೇಕಾಗುತ್ತೆ? ತಾಲ್ಲೂಕು ಮಟ್ಟದ ವಕ್ತಾರರಿಗೆ ಏನು ಅಭ್ಯಾಸ ಮಾಡಿಸಬೇಕು?

ಸುದ್ದಿಮನೆ:
ಎರಡೂ ಒಂದೇ ಬಗೆಯ ತಪ್ಪಲ್ಲ. ಮಳವಳ್ಳಿಯದು ಶಬ್ದದ ಎಡವಟ್ಟು: ‘ನರೇಂದ್ರ’ ಅಂತ ಶುರುವಾದ ಮೇಲೆ ನಾಲಿಗೆ ದಿನವೂ ಟೀಕಿಸುವ ಹೆಸರಿನ ಕಡೆಗೇ ಜಾರುತ್ತದೆ. ಇನಿಷಿಯಲ್ ಸೇರಿಸಿದರೆ ಇನ್ನೂ ಕಷ್ಟ, ಅವರು ಪಿ.ಎಂ. ನರೇಂದ್ರಸ್ವಾಮಿ! ‘ನಿಮ್ಮ ಶಾಸಕರು’ ಅಂದರೆ ಸಾಕು. ದಾವಣಗೆರೆಯದು ಜಾಗದ ತಪ್ಪು. ‘ಸರ್ಕಾರ’ದ ಹಿಂದೆ ಎರಡು ಹೆಸರೂ ಸಲೀಸಾಗಿ ಕೂರುತ್ತವೆ. ಅಂಥ ಕಡೆ ‘ಈಗಿನ ಸರ್ಕಾರ’ ಅನ್ನಿಸಿ. ಚೀಟಿಯಲ್ಲಿ ಪೂರ್ತಿ ಭಾಷಣ ಬೇಡ. ಹೆಸರು, ಅಂಕಿಗಳನ್ನಷ್ಟೇ ದಪ್ಪಕ್ಷರದಲ್ಲಿ ಬರೆದುಕೊಡಿ.

ತಿದ್ದುವ ರೀತಿ ಇನ್ನೂ ಮುಖ್ಯ. ಶಾ ಅವರಿಗೆ ಪಕ್ಕದವರು ಕಿವಿಯಲ್ಲಿ ಹೇಳಿದರು, ಅವರು ಕೂಡಲೇ ತಿದ್ದಿಕೊಂಡರು. ಆದರೂ ಹರಿದಾಡಿದ್ದು ತಪ್ಪಿದ ತುಣುಕೇ. ಬರೀ ಸರಿ ಹೆಸರು ಹೇಳಿ ಮುಂದೆ ಹೋದರೆ ವಿಡಿಯೊ ಎಡಿಟರ್‌ಗೆ ಬಳಸಲು ಸರಿಯಾದ ಪೂರ್ತಿ ವಾಕ್ಯ ಸಿಗುವುದಿಲ್ಲ. ಎರಡು ಸೆಕೆಂಡ್ ಸುಮ್ಮನಿದ್ದು, ಇಡೀ ವಾಕ್ಯವನ್ನು ಮೊದಲಿನಿಂದ ಹೇಳಬೇಕು. ತಪ್ಪು ಹೆಸರನ್ನು ಮತ್ತೆ ಉಚ್ಚರಿಸಬಾರದು.

ದುಭಾಷಿ:
ವೇದಿಕೆಯ ಅನುವಾದವನ್ನೂ ಸೇರಿಸಿ. ಆಗಲೇ ಚಳ್ಳಕೆರೆಯಲ್ಲಿ ಶಾ ಅವರ ಹಿಂದಿ ಭಾಷಣಕ್ಕೆ ಪ್ರಲ್ಹಾದ ಜೋಶಿಯವರು ಮಾಡಿದ ಕನ್ನಡ ಅನುವಾದದಲ್ಲಿ, ಮೋದಿ ಬಡವರಿಗೆ, ದಲಿತರಿಗೆ ಏನೂ ಮಾಡುವುದಿಲ್ಲ ಅಂತ ಬಂತು. ಒಂದೇ ಉಸಿರಿನಲ್ಲಿ ರಾಜ್ಯ, ಕೇಂದ್ರ ಎರಡೂ ಬಂದರೆ ಕರ್ತೃ ಅದಲುಬದಲಾಗುತ್ತದೆ. ಹಿಂದಿಯಲ್ಲೂ ಕನ್ನಡದಲ್ಲೂ ಕ್ರಿಯಾಪದ ಕೊನೆಗೇ ಬರುವುದರಿಂದ ‘ಇಲ್ಲ’ ಯಾರ ತಲೆಗೆ ಕಟ್ಟಬೇಕು ಅನ್ನುವುದನ್ನು ಅನುವಾದಕ ಅಲ್ಲಿವರೆಗೂ ಹೊತ್ತಿರಬೇಕು. ಹತ್ತು ಹನ್ನೆರಡು ಪದಕ್ಕೆ ನಿಲ್ಲಿಸಿ. ಒಂದು ವಾಕ್ಯಕ್ಕೆ ಒಬ್ಬರ ಹೆಸರು ಮಾತ್ರ.

ಹಳೇವರದಿಗಾರ:
ಬಾಯ್ತಪ್ಪೇ ಅಲ್ಲದ ತಪ್ಪೂ ಇದೆ. 1976ರ ಅಕ್ಟೋಬರ್ 6ರ ಚುನಾವಣಾ ಚರ್ಚೆಯಲ್ಲಿ ಆಗಿನ ಅಮೆರಿಕ ಅಧ್ಯಕ್ಷ ಜೆರಾಲ್ಡ್ ಫೋರ್ಡ್, ಪೂರ್ವ ಯುರೋಪಿನ ಮೇಲೆ ಸೋವಿಯತ್ ಹಿಡಿತ ಇಲ್ಲ ಅಂದರು. ಪತ್ರಕರ್ತ ಮ್ಯಾಕ್ಸ್ ಫ್ರಾಂಕೆಲ್ ನಂಬಲಾಗದೆ ಮತ್ತೆ ಕೇಳಿದರು. ಅದು ತಿದ್ದಿಕೊಳ್ಳಲು ಸಿಕ್ಕ ಅವಕಾಶ. ಫೋರ್ಡ್ ಯುಗೊಸ್ಲಾವಿಯ, ರೊಮೇನಿಯ, ಪೋಲೆಂಡ್ ಅಂತ ಪಟ್ಟಿ ಕೊಟ್ಟು ಇನ್ನೂ ಸಿಕ್ಕಿಬಿದ್ದರು. ಒಪ್ಪಿಕೊಳ್ಳಲು ದಿನಗಳೇ ಹಿಡಿದವು. ನಿಮ್ಮ ವಕ್ತಾರರಿಗೆ ಇದನ್ನೇ ಅಭ್ಯಾಸ ಮಾಡಿಸಿ: ‘ನೀವು ಹೇಳಿದ್ದು ಇದೇನಾ?’ ಅಂತ ಯಾರಾದರೂ ಕೇಳಿದರೆ ಮೊದಲು ನಿಲ್ಲಬೇಕು, ಸಮರ್ಥನೆಗೆ ಇಳಿಯಬಾರದು.