ಹಗುರ ಸ್ಪೋರ್ಟ್ಸ್ ಕಾರಿನ ಹುಚ್ಚು, ದಿನಾ ಹೈವೇ ಓಡಾಟ: ಯಾವ ಕಾರು ಆಗಬಹುದು?

ಕಟಪಾಡಿ_ಹುಡುಗ:
ಮನೆ ಕಟಪಾಡಿ, ಕೆಲಸ ಮಂಗಳೂರಿನ ಕೊಟ್ಟಾರದಲ್ಲಿ. ರಜೆ ಸಿಕ್ಕರೆ ಆಗುಂಬೆ ಘಾಟಿ. ಮಾಜ್ದಾ ಎಂಎಕ್ಸ್-5 ವಿಡಿಯೋ ನೋಡಿ ನೋಡಿ ತಲೆ ಕೆಟ್ಟಿದೆ. ಒಂದು ಟನ್ ಆಸುಪಾಸಿನ, ಟಾಪ್ ತೆಗೆಯಬಹುದಾದ ಪುಟ್ಟ ಕಾರು, ಎಂಜಿನ್ ದೊಡ್ಡದೇನಲ್ಲ, ಆದರೂ ತಿರುವಿನಲ್ಲಿ ಎಂಥ ಖುಷಿ! ಅದು ಇಲ್ಲಿ ಮಾರಾಟಕ್ಕಿಲ್ಲ, ಗೊತ್ತು. ಆರು ಲಕ್ಷದೊಳಗೆ ಸೆಕೆಂಡ್ ಹ್ಯಾಂಡ್ ಮಾರುತಿ ಬಲೆನೊ ಆರ್‌ಎಸ್ ಒಂದು ನೋಡಿಟ್ಟಿದ್ದೇನೆ. ಮೈಲೇಜ್ ಹೇಗೆ? ಅಮ್ಮನಿಗೆ ಮೊಣಕಾಲು ನೋವು, ಹತ್ತಿ ಇಳಿಯಲು ಕಷ್ಟ ಆಗಬಾರದು.

ಹೆಬ್ರಿ_ಟರ್ಬೊ:
ನನ್ನ ಹತ್ತಿರ ಅದೇ ಉಂಟು ಮಾರಾಯ್ರೆ, ಹಾಗಾಗಿ ಸ್ವಲ್ಪ ಉದ್ದ ಬರೆಯುತ್ತೇನೆ. 2017ರಲ್ಲಿ ಬಂದ ಕಾರು. ಒಂದು ಲೀಟರ್ ಟರ್ಬೊ ಎಂಜಿನ್ (ಟರ್ಬೊ ಅಂದರೆ ಎಂಜಿನ್ನಿಗೆ ಹೆಚ್ಚು ಗಾಳಿ ತುಂಬಿ ಬಲ ಕೊಡುವ ಪಂಪು), ಶಕ್ತಿ 102 ಪಿಎಸ್, ಎಳೆಯುವ ಬಲ (ಟಾರ್ಕ್) 150 ಎನ್‌ಎಂ, ಹಿಂದೆಯೂ ಡಿಸ್ಕ್ ಬ್ರೇಕ್. ತೂಕ 950 ಕೆ.ಜಿ. ಅಂದರೆ ಈಗಿನ ಎಂಎಕ್ಸ್-5ಗಿಂತ ಕಡಿಮೆಯೇ. ಆದರೆ ಮಾಜ್ದಾದಲ್ಲಿ ಎಂಜಿನ್ ತಿರುಗಿಸುವುದು ಹಿಂದಿನ ಚಕ್ರ, ಇದರಲ್ಲಿ ಮುಂದಿನದು. ತಿರುವಿನ ನಡುವೆ ಆಕ್ಸಿಲರೇಟರ್ ಜಾಸ್ತಿ ಒತ್ತಿದರೆ ಮೂತಿ ಹೊರಗೆ ಎಳೆಯುತ್ತದೆ.

ಮೈಲೇಜ್ ವಿಷಯ. ಹಗುರ ಇದ್ದರೆ ಲಾಭ ಸಿಗುವುದು ನಿಂತು ಹೊರಡುವಾಗ, ಏರು ಹತ್ತುವಾಗ. ಕೂಳೂರು ಸೇತುವೆ ಹತ್ತಿರದ ಬ್ಲಾಕ್‌ನಲ್ಲಿ ನಿಮಗೇ ಗೊತ್ತಾಗುತ್ತದೆ. ಪಡುಬಿದ್ರಿ ದಾಟಿ ಮುಲ್ಕಿ ಕಡೆ ಒಂದೇ ಸ್ಪೀಡಿನಲ್ಲಿ ಹೋಗುವಾಗ ತೂಕಕ್ಕಿಂತ ಗಾಳಿಯದ್ದೇ ಕಾಟ. 80ರಿಂದ 100ಕ್ಕೆ ಹೋದರೆ ಗಾಳಿಯ ತಡೆ ಒಂದೂವರೆ ಪಟ್ಟು ಮೀರುತ್ತದೆ. ನನಗೆ 80ರಲ್ಲಿ ಲೀಟರಿಗೆ 18 ಬರುತ್ತದೆ, ಘಾಟಿಯಲ್ಲಿ 11. ಎಲ್ಲ ಕಾಲಿನ ಮೇಲೆ.

ಆಗುಂಬೆಯಲ್ಲಿ 14 ಹೇರ್‌ಪಿನ್ ಅಲ್ವಾ, ಅಲ್ಲಿ ಎರಡನೇ ಗೇರಿನಲ್ಲಿ ಆರ್‌ಪಿಎಂ ಬಿದ್ದರೆ ಟರ್ಬೊ ನಿದ್ದೆಗೆ ಜಾರುತ್ತದೆ. ಮೊದಲ ಗೇರಿಗೆ ಇಳಿಸಿ. ಮತ್ತೆ, ನಾಲ್ಕು ಜನ ಕೂತರೆ 280 ಕೆ.ಜಿ. ಸೇರಿತು. ಕಾರಿನ ತೂಕದ ಮೂರನೇ ಒಂದು ಪಾಲಿನ ಹತ್ತಿರ! ಬ್ರೇಕೂ ಬೇರೆ, ತಿರುಗುವುದೂ ಬೇರೆ. ಒಬ್ಬರೇ ಹೋಗಿ ಕಲಿತ ವೇಗವನ್ನು ಮನೆಯವರನ್ನು ಕೂರಿಸಿಕೊಂಡು ತೋರಿಸಬೇಡಿ.

ಅಮ್ಮನಿಗೆ ತೊಂದರೆ ಇಲ್ಲ, ಮಾಮೂಲಿ ಬಲೆನೊದ್ದೇ ಎತ್ತರ. ಡಿಕ್ಕಿ 339 ಲೀಟರ್. ಎಂಎಕ್ಸ್-5ರಲ್ಲಿ 130, ಸೀಟು ಎರಡೇ. ಜೂನ್‌ನಿಂದ ಸೆಪ್ಟೆಂಬರ್ ತನಕ ನಮ್ಮಲ್ಲಿ ಟಾಪ್ ತೆಗೆಯುವುದು ಯಾವಾಗ ಹೇಳಿ.

ಸುರತ್ಕಲ್_ನಿಧಾನ:
ಟರ್ಬೊ ಯಾಕೆ ಸುಮ್ನೆ? 2024ರ ಸ್ವಿಫ್ಟ್ ನೋಡಿ. ಸುಮಾರು 920 ಕೆ.ಜಿ., 82 ಪಿಎಸ್. ಮ್ಯಾನುಯಲ್‌ಗೆ ಕಂಪನಿ ಲೆಕ್ಕ ಲೀಟರಿಗೆ 24.8 ಕಿ.ಮೀ. ಬಜೆಟ್ ಸ್ವಲ್ಪ ಏರಿಸಬೇಕು ಅಷ್ಟೇ. ಸ್ಪೋರ್ಟ್ಸ್ ಕಾರೇ ಬೇಕು ಅಂದರೆ ಎಂಜಿ ಸೈಬರ್‌ಸ್ಟರ್ ಉಂಟು, ಎರಡು ಸೀಟಿನ ಎಲೆಕ್ಟ್ರಿಕ್. ತೂಕ ಎರಡು ಟನ್ ಹತ್ತಿರ! ಹಗುರ ಆಗುವುದು ನಿಮ್ಮ ಜೇಬು ಮಾತ್ರ.

ಹೆಬ್ರಿ_ಟರ್ಬೊ:
ಬರೀ ಕೊಟ್ಟಾರಕ್ಕೆ ಹೋಗಿ ಬರುವುದಾದರೆ ಸ್ವಿಫ್ಟ್ ಸರಿ, ಒಪ್ಪಿದೆ. ಘಾಟಿ ಏರಿನಲ್ಲಿ ಲಾರಿ ಓವರ್‌ಟೇಕ್ ಮಾಡುವಾಗ 150 ಎನ್‌ಎಂ ಬೆಲೆ ಗೊತ್ತಾಗುತ್ತದೆ.

ಕಟಪಾಡಿ_ಹುಡುಗ:
ಥ್ಯಾಂಕ್ಸ್ ಅಣ್ಣ. ನಾನು ನೋಡಿದ ಗಾಡಿಗೆ 17 ಇಂಚಿನ ಅಲಾಯ್ ಹಾಕಿದ್ದಾರೆ. ಲುಕ್ ಅಂತೂ ಭಾರೀ ಉಂಟು.

ಹೆಬ್ರಿ_ಟರ್ಬೊ:
ಮೊದಲು ಅದನ್ನು ತೆಗೆಸಿ. ಕಂಪನಿ ಕೊಟ್ಟ ಸೈಜ್ 195/55 ಆರ್16, ಅಂದರೆ 16 ಇಂಚಿನ ರಿಮ್. ಚಕ್ರ ಭಾರ ಆದರೆ ಸ್ಟಾರ್ಟಿಂಗ್ ಪಿಕಪ್ ಹೋಗುತ್ತದೆ, ಗುಂಡಿಯಲ್ಲಿ ಸಸ್ಪೆನ್ಷನ್ ತಡವರಿಸುತ್ತದೆ. ಟಯರಿನ ಬದಿ ತೆಳು ಆದರೆ ಮಳೆಗಾಲದಲ್ಲಿ ರಿಮ್ಮೇ ಬಾಗುತ್ತದೆ. ಹಳೆಯ ರಿಮ್ ಓನರ್ ಹತ್ತಿರ ಇದ್ದರೆ ರೇಟು ಮಾತಾಡುವಾಗಲೇ ಕೇಳಿ. ಮತ್ತೆ ಗಾಡಿಯನ್ನು ಲಿಫ್ಟ್‌ಗೆ ಹಾಕಿಸಿ ಅಡಿಭಾಗ ನೋಡಿ. ಕಡಲ ಬದಿ ನಿಂತ ಗಾಡಿಗೆ ಮೇಲೆ ಪಾಲಿಶ್ ಹೊಳೆಯುತ್ತಿದ್ದರೂ ಸೈಲೆನ್ಸರ್ ಪೈಪ್, ಬ್ರೇಕ್ ಲೈನ್‌ಗಳಿಗೆ ತುಕ್ಕು ಹಿಡಿದಿರುತ್ತದೆ. ಆರ್‌ಎಸ್ 2020ರಲ್ಲೇ ನಿಂತಿತು. ಟರ್ಬೊ, ಹಿಂದಿನ ಡಿಸ್ಕ್ ಇವೆರಡರ ಪಾರ್ಟ್ಸ್ ಎಷ್ಟು ದಿನಕ್ಕೆ ಬರುತ್ತದೆ ಅಂತ ವಿಚಾರಿಸಿ ಅಡ್ವಾನ್ಸ್ ಕೊಡಿ.